ಬೊಡೋನಿಯ ಅಕ್ಷರ

ಅಕ್ಷರವಿರುವುದು ಓದುವುದಕ್ಕೋ ನೋಡುವುದಕ್ಕೋ? ಈ ಪ್ರಶ್ನೆಯನ್ನು ಇಟಲಿಯ ಜಾಂಬತಿಸ್ತ ಬೊಡೋನಿಯಷ್ಟು ತೀವ್ರವಾಗಿ ಎಬ್ಬಿಸಿದ ಮುದ್ರಕರು ವಿರಳ. 1768ರಲ್ಲಿ ಪಾರ್ಮಾದ ಡ್ಯೂಕನ ಮುದ್ರಣಾಲಯಕ್ಕೆ ಮುಖ್ಯಸ್ಥನಾಗಿ ಬಂದ ಆತ ಕಾಲಕ್ರಮದಲ್ಲಿ ರೂಪಿಸಿದ ರೋಮನ್ ಅಚ್ಚುಮೊಳೆಗಳಲ್ಲಿ ನೆಟ್ಟಗೆರೆ ಕಂಬದಂತೆ ದಪ್ಪ, ಅಡ್ಡಗೆರೆ ಕೂದಲೆಳೆ. ಕಂಬದ ತುದಿಯ ಕಿರುಗೆರೆಯೂ ಬಳುಕಿ ಬಂದು ಸೇರುವುದಿಲ್ಲ. ಥಟ್ಟನೆ ಲಂಬಕೋನದಲ್ಲಿ ಸಂಧಿಸುತ್ತದೆ. ಲೇಖನಿಯ ನೆನಪು ಅಳಿದು ಅಳತೆಗೋಲಿನ ಶಿಸ್ತು ನೆಲೆಗೊಂಡಿದೆ. ಇಂಥ ಎಳೆ ಒಡೆಯದೆ ಮೂಡಲು ನುಣುಪಾದ ಕಾಗದ ಬೇಕು. ಬರ್ಮಿಂಗ್‌ಹ್ಯಾಮಿನ ಬ್ಯಾಸ್ಕರ್‌ವಿಲ್ 1757ರ ತನ್ನ ವರ್ಜಿಲನ ಆವೃತ್ತಿಯಲ್ಲಿ ಆ ಹಾದಿಯನ್ನು ತೋರಿಸಿದ್ದ.

ಈ ಚೆಲುವಿಗೆ ಬಯಲು ಬೇಕು. ಗ್ರಂಥದ ಶೀರ್ಷಿಕೆಪುಟ, ಸಂಗೀತಸಭೆಯ ಭಿತ್ತಿಪತ್ರ, ಪತ್ರಿಕೆಯ ಹೆಸರು — ನಾಲ್ಕಾರು ಪದಗಳು, ಸುತ್ತಲೂ ಧಾರಾಳವಾದ ಬಿಳುಪು. ಅಲ್ಲಿ ಇದಕ್ಕೆ ಸಮನಾದ ಗಾಂಭೀರ್ಯ ಅಪರೂಪ. ಅದನ್ನೇ ಕಿರಿದಾಗಿಸಿ ಇನ್ನೂರು ಪುಟದ ಕಾದಂಬರಿಗೆ ಹೂಡಿದರೋ, ಎಳೆಗಳು ಮಾಯವಾಗಿ ಕಂಬಗಳಷ್ಟೇ ಉಳಿದು ಸಾಲೆಲ್ಲ ಬೇಲಿಯಂತಾಗುತ್ತದೆ. ವಿಲಿಯಂ ಮಾರಿಸ್ ಈ ಅಕ್ಷರವನ್ನು ಸಹಿಸಲಿಲ್ಲ. ಓದುಗನ ಪಕ್ಷದಿಂದ ನೋಡಿದರೆ ಆ ಮುನಿಸು ಸಹಜವೇ. ಆದರೂ ಅದು ಅರ್ಧಸತ್ಯ. ಏಕೆಂದರೆ ಸಣ್ಣ ಮೊಳೆಗಳಲ್ಲಿ ಬೊಡೋನಿ ಎಳೆಯನ್ನು ತುಸು ದಪ್ಪವಾಗಿಯೇ ಇರಿಸಿದ್ದ. ಒಂದೇ ಮಾದರಿಯನ್ನು ಬೇಕಾದಷ್ಟು ಹಿಗ್ಗಿಸಿ ಕುಗ್ಗಿಸುವ ಇಂದಿನ ಗಣಕದ ಮುಂದೆ ಕುಳಿತವರು ಎಷ್ಟೋ ಸಲ ಮರೆಯುವುದು ಇದನ್ನೇ. ಆತ 1813ರಲ್ಲಿ ತೀರಿಕೊಂಡ ಮೇಲೆ ಪತ್ನಿ ಮಾರ್ಗರೀತಾ 1818ರಲ್ಲಿ ಹೊರತಂದ ಎರಡು ಸಂಪುಟಗಳ ‘ಮನುವಾಲೆ ತಿಪೋಗ್ರಾಫಿಕೊ’ದಲ್ಲಿ ಆತನ ಮೊಳೆಗಳು ಗಾತ್ರಗಾತ್ರವಾಗಿ ಸಾಲುಗೊಂಡಿವೆ.