ವಸಂತರಾಯ ಮತ್ತು ಮೆಸ್ಸೀಯ: ಕಾಲಜ್ಞಾನ ಹಾಗೂ ಹೀಬ್ರೂ ಪ್ರವಾದನೆಗಳ ಗೂಢಾರ್ಥ ವಿಚಾರ

ಭೀಮಾತೀರದ ಇಂಡಿ, ಸಿಂದಗಿ ಹಾಗೂ ಡೋಣಿ-ಕೃಷ್ಣೆಯರ ನಡುವಣ ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಗಳಲ್ಲಿ ಬರಗಾಲವಾಗಲಿ, ದೊರೆತನದ ಪಲ್ಲಟವಾಗಲಿ ಒದಗಿದಾಗ ಅದು ಕಾಲಜ್ಞಾನದಲ್ಲಿ ಮೊದಲೇ ಬಂದಿದೆ ಎನ್ನುವ ಮಾತು ಹಿರಿಯರ ಬಾಯಲ್ಲಿ ಕೇಳಿಬರುವುದುಂಟು. ಇದೇ ಜಿಲ್ಲೆಯ ಬಬಲಾದಿಯ ಸದಾಶಿವ ಮಠದ ಜಾತ್ರೆಯಲ್ಲಿ ಕಾಲಜ್ಞಾನದ ನುಡಿಗಳನ್ನು ಕೇಳಲು ಇಂದಿಗೂ ಜನ ನೆರೆಯುತ್ತಾರೆ. ಹಳೆಯ ಗ್ರಂಥವೊಂದು ಮುಂದೆ ಬರುವ ಉದ್ಧಾರಕನನ್ನು ಮರೆಮಾತಿನಲ್ಲಿ ಸೂಚಿಸಿದೆ ಎಂಬ ನಂಬಿಕೆ ಹೇಗೆ ಹುಟ್ಟುತ್ತದೆ, ಹೇಗೆ ಬಾಳುತ್ತದೆ ಎಂಬುದನ್ನು ಹೀಬ್ರೂ ಧರ್ಮಗ್ರಂಥದ ಮೆಸ್ಸೀಯ ಪರಿಕಲ್ಪನೆಯೊಡನೆ ಹೋಲಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಕಾಲಜ್ಞಾನದ ಸ್ವರೂಪ

ಕಾಲಜ್ಞಾನವೆಂದರೆ ಬರಲಿರುವ ಕಾಲದ ಅರಿವು. ಬಸವಾದಿ ಶರಣರ ಹೆಸರಿನಲ್ಲಿಯೂ ಸರ್ವಜ್ಞನ ಹೆಸರಿನಲ್ಲಿಯೂ ಈ ಬಗೆಯ ರಚನೆಗಳು ಹಸ್ತಪ್ರತಿಗಳಲ್ಲಿ ದೊರೆಯುತ್ತವೆ. ಕಲ್ಯಾಣದ ನಾಶ, ತುರುಕರ ಆಗಮನ, ಅರಸುಮನೆತನಗಳ ಏಳುಬೀಳು, ಕೊನೆಗೆ ವೀರವಸಂತರಾಯನೆಂಬ ದೊರೆಯ ಉದಯ, ಆತನಿಂದ ಕಲ್ಯಾಣದ ಪುನರುದ್ಧಾರ ಎಂಬುದು ಇವುಗಳ ಸಾಮಾನ್ಯ ಚೌಕಟ್ಟು. ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿಯ ನಾಡಿಗೆ ಕಲ್ಯಾಣವೆಂಬುದು ಒಂದು ಊರಿನ ಹೆಸರಷ್ಟೇ ಅಲ್ಲ. ಒಮ್ಮೆ ನಿಜವಾಗಿ, ಬಳಿಕ ಕಳೆದುಹೋದ ಸಮಾಜವೊಂದರ ಹೆಸರು. ಆದುದರಿಂದ ವಸಂತರಾಯನ ನಿರೀಕ್ಷೆಯು ಕಳೆದುಕೊಂಡುದನ್ನು ಮರಳಿ ಪಡೆಯುವ ನಿರೀಕ್ಷೆಯಾಗಿದೆ.

1584ರಲ್ಲಿ ವಿರೂಪಾಕ್ಷ ಪಂಡಿತನು ರಚಿಸಿದ ‘ಚೆನ್ನಬಸವ ಪುರಾಣ’ದಲ್ಲಿ ಈ ವಸ್ತುವಿಗೆ ಕಾವ್ಯರೂಪ ದೊರೆತಿದೆ. ಹನ್ನೆರಡನೆಯ ಶತಮಾನದ ಚೆನ್ನಬಸವಣ್ಣನ ಬಾಯಲ್ಲಿ ಭವಿಷ್ಯವಾಗಿ ಬರುವ ಸಂಗತಿಗಳಲ್ಲಿ ಹಲವು ಕವಿಯ ಕಾಲಕ್ಕೆ ಆಗಲೇ ಗತಿಸಿದ್ದವು. ಕೃತಿ ರಚನೆಗೆ ಕೇವಲ 19 ವರ್ಷಗಳ ಹಿಂದೆ, 1565ರ ಜನವರಿಯಲ್ಲಿ, ತಾಳಿಕೋಟೆಯ ಹೆಸರಿನಿಂದ ಪ್ರಸಿದ್ಧವಾದ ರಕ್ಕಸಗಿ-ತಂಗಡಗಿ ಯುದ್ಧ ನಡೆದಿತ್ತು. ತಂಗಡಗಿ ಮುದ್ದೇಬಿಹಾಳ ಸೀಮೆಯ ಗ್ರಾಮ. ನಡೆದುದನ್ನು ನಡೆಯಲಿರುವುದೆಂದು ಹೇಳುವ ಈ ವಿಧಾನದಿಂದ ಓದುಗನಿಗೆ ಭರವಸೆ ಹುಟ್ಟುತ್ತದೆ: ಹಿಂದಿನ ಮಾತುಗಳೆಲ್ಲ ದಿಟವಾದವು, ಆದುದರಿಂದ ಉಳಿದ ಮಾತೂ ದಿಟವಾದೀತು.

ಕಾಲನಿರ್ದೇಶದ ಕ್ರಮವೂ ಗಮನಾರ್ಹ. ಕಾಲಜ್ಞಾನಗಳು ಸಂವತ್ಸರಗಳ ಹೆಸರಿನಿಂದ ಕಾಲವನ್ನು ಸೂಚಿಸುವುದುಂಟು. ಅರವತ್ತು ವರ್ಷಗಳಿಗೊಮ್ಮೆ ಅದೇ ಹೆಸರು ಮರಳುತ್ತದೆ. ತಾಳಿಕೋಟೆಯ ಯುದ್ಧ ನಡೆದುದು ರಕ್ತಾಕ್ಷಿ ಸಂವತ್ಸರದಲ್ಲಿ. ಅದೇ ಸಂವತ್ಸರ 1624ರಲ್ಲಿಯೂ 1984ರಲ್ಲಿಯೂ ಬಂದಿತು. ಹೀಗೆ ಸಂವತ್ಸರದ ಹೆಸರಿನಲ್ಲಿ ನುಡಿದ ಭವಿಷ್ಯವು ಹುಸಿಯಾಗುವುದಿಲ್ಲ, ಮುಂದಿನ ಆವರ್ತಕ್ಕೆ ಸರಿಯುತ್ತದೆ. ಪ್ರತಿಯೊಂದು ತಲೆಮಾರೂ ಅದು ತನ್ನ ಕಾಲವನ್ನೇ ಕುರಿತದ್ದೆಂದು ಓದಿಕೊಳ್ಳಲು ಅವಕಾಶವಿದೆ.

ಮುದ್ದೇಬಿಹಾಳಕ್ಕೆ ನೆರೆಯ, ಈಗ ಯಾದಗಿರಿ ಜಿಲ್ಲೆಗೆ ಸೇರಿದ ಕೊಡೇಕಲ್ಲಿನ ಬಸವಣ್ಣನ ಪರಂಪರೆಯಲ್ಲಿ ಗೂಢತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಇಲ್ಲಿ ಅರ್ಥ ಮಾತ್ರವಲ್ಲ, ಬರೆಹವೇ ಗುಪ್ತ. ಅಮರಗನ್ನಡವೆಂದು ಕರೆಯಲಾಗುವ ಲಿಪಿಯನ್ನು ಬಲ್ಲ ಕೆಲವರಿಗಷ್ಟೇ ಈ ಗ್ರಂಥಗಳು ತೆರೆದುಕೊಳ್ಳುತ್ತವೆ. ಹಿಂದೂ ಮುಸ್ಲಿಂ ಆಚರಣೆಗಳೆರಡನ್ನೂ ಒಳಗೊಂಡ ಈ ಪರಂಪರೆಯಲ್ಲಿ ಭವಿಷ್ಯದ ಕನಸು ಎರಡು ಮತಗಳ ಹೊಂದಾಣಿಕೆಯ ಕನಸೂ ಹೌದು.

ಹೀಬ್ರೂ ಗ್ರಂಥದ ನಿದರ್ಶನ

ಹೀಬ್ರೂ ಭಾಷೆಯ ‘ಮಾಷಿಯಾಖ್’ ಎಂಬ ಶಬ್ದಕ್ಕೆ ಅಭಿಷಿಕ್ತನೆಂದು ಅರ್ಥ. ಮೂಲದಲ್ಲಿ ಅದು ಎಣ್ಣೆಯಿಂದ ಅಭಿಷೇಕಗೊಂಡ ಅರಸನಿಗೂ ಯಾಜಕನಿಗೂ ಸಲ್ಲುತ್ತಿದ್ದ ವಿಶೇಷಣ. ಕ್ರಿ.ಪೂ. ಆರನೆಯ ಶತಮಾನದಲ್ಲಿ ಯೆರೂಸಲೇಮ್ ಹಾಳಾಗಿ ದಾವೀದನ ವಂಶದ ಆಳಿಕೆ ಮುಗಿದ ಮೇಲೆ ಮುಂದೆ ಬರಲಿರುವ ಅರಸನ ನಿರೀಕ್ಷೆ ಬೆಳೆಯಿತು. ನಗರದ ನಾಶದಿಂದ ನಿರೀಕ್ಷೆ ಬಲಗೊಳ್ಳುವುದು ಕಲ್ಯಾಣದ ವಿಷಯದಲ್ಲಿಯೂ ಕಂಡ ಕ್ರಮವೇ ಆಗಿದೆ.

ಯೇಸುವಿನ ಅನುಯಾಯಿಗಳು ಹಳೆಯ ವಚನಗಳಲ್ಲಿ ತಮ್ಮ ಗುರುವಿನ ಮುನ್ಸೂಚನೆಯನ್ನು ಕಂಡರು. ಯೆಶಾಯನ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಆಹಾಜ ರಾಜನಿಗೆ ಹೇಳಿದ ಮಾತಿನಲ್ಲಿ ಬರುವ ‘ಅಲ್ಮಾ’ ಎಂಬುದಕ್ಕೆ ತರುಣಿಯೆಂದು ಅರ್ಥ. ಗ್ರೀಕ್ ಅನುವಾದದಲ್ಲಿ ಕನ್ಯೆಯೆಂಬ ಅರ್ಥದ ಶಬ್ದ ಬಂದಿತು. ಮತ್ತಾಯನ ಸುವಾರ್ತೆ ಅದನ್ನು ಯೇಸುವಿನ ಜನನಕ್ಕೆ ಅನ್ವಯಿಸಿತು. ಐವತ್ತಮೂರನೆಯ ಅಧ್ಯಾಯದ ನೊಂದ ಸೇವಕನನ್ನು ಕ್ರೈಸ್ತರು ಯೇಸುವೆಂದು ಓದಿದರೆ, ಹನ್ನೊಂದನೆಯ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ ಅವನನ್ನು ಇಸ್ರಾಯೇಲ್ ಜನಾಂಗವೆಂದೇ ಓದಿದನು. ದಾನಿಯೇಲನ ಗ್ರಂಥವಂತೂ ಬಾಬಿಲೋನಿನ ಸೆರೆಯ ಕಾಲದವನ ಬಾಯಲ್ಲಿ ಕ್ರಿ.ಪೂ. ಎರಡನೆಯ ಶತಮಾನದವರೆಗಿನ ಘಟನೆಗಳನ್ನು ಭವಿಷ್ಯವಾಗಿ ನುಡಿಸುತ್ತದೆ. ಅದರ ರಚನೆ ಆ ಶತಮಾನದ್ದೇ ಎಂಬುದು ಆಧುನಿಕ ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ. ‘ಚೆನ್ನಬಸವ ಪುರಾಣ’ದ ತಂತ್ರ ಇದಕ್ಕಿಂತ ಭಿನ್ನವಲ್ಲ.

ಯೆಹೂದಿ ಪರಂಪರೆ ಗ್ರಂಥಾರ್ಥವನ್ನು ನೇರಾರ್ಥ, ಸೂಚಿತಾರ್ಥ, ವ್ಯಾಖ್ಯಾನಾರ್ಥ, ರಹಸ್ಯಾರ್ಥ ಎಂದು ನಾಲ್ಕು ಸ್ತರಗಳಲ್ಲಿ ವಿಂಗಡಿಸುತ್ತದೆ. ಬೆಡಗಿನ ವಚನಗಳಿಗೆ ಟೀಕೆ ಬರೆದ ನಮ್ಮ ಟೀಕಾಕಾರರಿಗೆ ಈ ವಿಂಗಡಣೆ ಅಪರಿಚಿತವೆನಿಸುತ್ತಿರಲಿಲ್ಲ. ಆದರೆ ಒಂದು ಭೇದವುಂಟು. ಬೆಡಗನ್ನು ವಚನಕಾರನೇ ಉದ್ದೇಶಪೂರ್ವಕವಾಗಿ ಮರೆಮಾಡಿರುತ್ತಾನೆ. ಮುನ್ಸೂಚನೆಯ ಮರೆಯನ್ನಾದರೋ ಬಹುಪಾಲು ನಂತರದ ಓದುಗನು ಕಂಡುಕೊಳ್ಳುತ್ತಾನೆ.

ಎರಡು ಪರಂಪರೆಗಳ ಮುಖಾಮುಖಿ

ಈ ಎರಡು ನಿರೀಕ್ಷೆಗಳು ಉತ್ತರ ಕರ್ನಾಟಕದ ನೆಲದಲ್ಲಿಯೇ ಎದುರುಬದುರಾದುದು ಚಾರಿತ್ರಿಕ ಸಂಗತಿ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿತು. ಆ ಹೊತ್ತಿನಲ್ಲಿ ಕಾಲಜ್ಞಾನವನ್ನು ನಂಬಿದ ಜನರು, ಪಡುವಣದಿಂದ ಬರುವ ಪರದೇಶಿಗಳು ಹೊಸ ಧರ್ಮವನ್ನು ತರುವರೆಂಬ ತಮ್ಮ ಗ್ರಂಥಗಳ ಮಾತನ್ನು ಮುಂದಿಟ್ಟುಕೊಂಡು ಮಿಷನರಿಗಳ ಬಳಿಗೆ ಬಂದರು. ಮಿಷನರಿಗಳಿಗೆ ಇದು ಅಪೂರ್ವ ಅವಕಾಶವಾಗಿ ಕಂಡಿತು. 1841ರಲ್ಲಿ ಗದಗಿನ ಬಳಿ ಮಲಸಮುದ್ರದ ವಸಾಹತು ಆರಂಭವಾಯಿತು. ಆದರೆ ನಿರೀಕ್ಷಿಸಿದಂತೆ ಜನಸಮೂಹ ಮತಾಂತರಗೊಳ್ಳಲಿಲ್ಲ. ಬಂದವರು ಅರಸಿದುದು ತಮ್ಮ ಕಲ್ಯಾಣವನ್ನು. ಬರಮಾಡಿಕೊಂಡವರು ನೀಡಿದುದು ಬೇರೊಂದು ಗ್ರಂಥದ ಮೆಸ್ಸೀಯನನ್ನು. ಪರದೇಶಿಯಲ್ಲಿ ಉದ್ಧಾರಕನನ್ನು ಕಾಣುವುದು ಹೀಬ್ರೂ ಗ್ರಂಥಕ್ಕೂ ಹೊಸದಲ್ಲ. ಯೆಶಾಯನ ನಲವತ್ತೈದನೆಯ ಅಧ್ಯಾಯ ಪಾರಸಿಕ ದೊರೆ ಕೋರೆಷನನ್ನೇ ಅಭಿಷಿಕ್ತನೆಂದು ಕರೆದಿದೆ. ಮುಂದೆ ಇದೇ ಮಿಷನ್ನಿನ ಜಿ. ವೂರ್ತ್ 1860ರ ದಶಕದಲ್ಲಿ ‘ಬಸವ ಪುರಾಣ’, ‘ಚೆನ್ನಬಸವ ಪುರಾಣ’ಗಳನ್ನು ಇಂಗ್ಲಿಷಿಗೆ ತಂದರು. 1885ರಲ್ಲಿ ವಿಜಾಪುರದಲ್ಲಿಯೂ ಮಿಷನ್ನಿನ ಕೇಂದ್ರ ಆರಂಭವಾಯಿತು.

ಸಮಾರೋಪ

ಮುನ್ಸೂಚನೆಯ ಓದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದೂ, ಹಾಗೆಯೇ ಇತಿಹಾಸವೆಂದು ಸ್ವೀಕರಿಸುವುದೂ ಸಂಶೋಧಕನಿಗೆ ತಕ್ಕುದಲ್ಲ. ಗ್ರಂಥವು ತನ್ನ ಕಾಲದಲ್ಲಿ ಹೇಳಿದ ಅರ್ಥ ಒಂದು. ನಂತರದ ಸಮುದಾಯಗಳು ಅದರಲ್ಲಿ ಕಂಡ ಅರ್ಥ ಇನ್ನೊಂದು. ಎರಡಕ್ಕೂ ಚರಿತ್ರೆಯಿದೆ, ಎರಡನ್ನೂ ಬೇರೆಬೇರೆಯಾಗಿ ದಾಖಲಿಸಬೇಕು. ಮಲಸಮುದ್ರದ ಪ್ರಸಂಗ ತೋರಿಸುವಂತೆ, ಇಂತಹ ಓದಿನ ಮೇಲೆ ಜನರು ತಮ್ಮ ಊರು, ಕುಲ, ಬಾಳುವೆಗಳನ್ನೇ ಪಣಕ್ಕಿಟ್ಟಿದ್ದಾರೆ. ಆದುದರಿಂದ ಮಠಗಳಲ್ಲಿಯೂ ಮನೆಗಳಲ್ಲಿಯೂ ಉಳಿದಿರುವ ಕಾಲಜ್ಞಾನದ ಪ್ರತಿಗಳನ್ನು ಪಾಠಾಂತರ ಸಹಿತ ಪರಿಷ್ಕರಿಸಿ, ಯಾವ ಮಾತು ಯಾವ ಕಾಲದಲ್ಲಿ ಸೇರಿತೆಂಬುದನ್ನು ಗುರುತಿಸುವ ಕಾರ್ಯ ನಡೆಯಬೇಕಾಗಿದೆ. ಪ್ರತಿಯೊಂದು ಸೇರ್ಪಡೆಯೂ ಒಂದು ತಲೆಮಾರಿನ ಸಂಕಟದ ಗುರುತಾಗಿದೆ.