ಪಿಯಾನೋದಲ್ಲಿ ಚಿತ್ರಗೀತೆ

ಎಮ್ಮೆದೊಡ್ಡಿಯ ಮನೆಯಲ್ಲಿ ಕುಳಿತು, 'ಬಂಗಾರದ ಮನುಷ್ಯ' (1972) ಚಿತ್ರಕ್ಕೆ ಜಿ. ಕೆ. ವೆಂಕಟೇಶರು ಸಂಗೀತವಿತ್ತ ಹಾಡೊಂದನ್ನು ನಾವು ಪಿಯಾನೋದಲ್ಲಿ ನುಡಿಸಿದೆವೆನ್ನೋಣ. ಸ್ವರಗಳೆಲ್ಲ ಸರಿಯಿದ್ದರೂ ಹಾಡು ಬಿಗಿದಂತೆ ತೋರುವುದುಂಟು. ದೋಷ ಬೆರಳಿನದೇ? ಅಲ್ಲ.

ಪಿಯಾನೋದಲ್ಲಿ ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಪ್ರತಿ ಸ್ವರದ ಕಂಪನಸಂಖ್ಯೆ ಹಿಂದಿನದರ 1.0595ರಷ್ಟು. ಷಡ್ಜವನ್ನು ಸೆಕೆಂಡಿಗೆ 240 ಕಂಪನವೆಂದು ಹಿಡಿದರೆ, ತಂಬೂರಿಗೆ ಒಪ್ಪುವ ಅಂತರ ಗಾಂಧಾರ 300, ಪಿಯಾನೋದ್ದು 302.4. ಪಂಚಮದಲ್ಲಾದರೋ 360ಕ್ಕೆ ಬದಲು 359.6, ವ್ಯತ್ಯಾಸ ಅತ್ಯಲ್ಪ.

ಇದಕ್ಕಿಂತ ದೊಡ್ಡ ಕಾರಣ ಗಮಕ. ಗಾಯಕನ ಕೊರಳು ಸ್ವರದಿಂದ ಸ್ವರಕ್ಕೆ ಜಾರಬಲ್ಲದು. ಸುತ್ತಿಗೆ ಬಡಿದ ತಂತಿಯ ಶ್ರುತಿಯನ್ನು ನಾವು ಮತ್ತೆ ಬಾಗಿಸಲಾರೆವು. ಆದುದರಿಂದ ಹಾಡು ನಿಲ್ಲುವ ಸ್ವರಗಳನ್ನು ಪಿಯಾನೋ ನುಡಿಯಲಿ. ಗಮಕವನ್ನು ಕೊರಳಿಗೇ ಬಿಡೋಣ.