ಎಂಆರ್‌ಐಗೆ ಕಾಣಿಸದ ಗಡ್ಡೆ

ಎಂಆರ್‌ಐ ಎಲ್ಲ ಸ್ಕ್ಯಾನ್‌ಗಳಿಗಿಂತ ಮೇಲು, ಅದಕ್ಕೆ ಸಿಗದ ರೋಗವೇ ಇಲ್ಲ ಎಂದು ಜನ ನಂಬಿದ್ದಾರೆ. ದುಡ್ಡು ಜಾಸ್ತಿಯಾದರೆ ಸ್ಕ್ಯಾನೂ ಒಳ್ಳೆಯದು ಎಂಬ ಲೆಕ್ಕ. ಬೆನ್ನುಮೂಳೆಯ ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ ಅಪರೂಪದ ಗಡ್ಡೆಯ ಮಟ್ಟಿಗೆ ಈ ಲೆಕ್ಕ ಪೂರಾ ತಪ್ಪು. ಆ ತಪ್ಪಿಗೆ ನೋವು ತಿನ್ನುವವರು ಹೆಚ್ಚಾಗಿ ಮಕ್ಕಳು ಮತ್ತು ಹರೆಯದವರು. ನನಗೆ ಸಿಟ್ಟು ಬರುವುದು ಅದಕ್ಕೇ.

1935ರಲ್ಲಿ ವೈದ್ಯ ಹೆನ್ರಿ ಜಾಫಿ ಪ್ರತ್ಯೇಕವಾಗಿ ಗುರುತಿಸಿದ ಈ ಗಡ್ಡೆ ಕ್ಯಾನ್ಸರ್ ಅಲ್ಲ, ಹರಡುವುದೂ ಇಲ್ಲ. ಬೆನ್ನಿನಲ್ಲಿ ಬಂದರೆ ಸಾಮಾನ್ಯವಾಗಿ ಕಶೇರುಕದ, ಅಂದರೆ ಬೆನ್ನುಮೂಳೆಯ ಬಿಡಿ ಎಲುಬಿನ, ಹಿಂಭಾಗದಲ್ಲಿ ಇರುತ್ತದೆ. ಅದರ ತಿರುಳು ಒಂದೂವರೆ ಸೆಂಟಿಮೀಟರನ್ನು ದಾಟುವುದು ಕಡಿಮೆ, ಎಷ್ಟೋ ಸಲ ಕಡಲೆಕಾಳಿನಷ್ಟೇ. ಅಷ್ಟು ಸಣ್ಣದು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಸುರಿಸಿ ಸುತ್ತಲಿನ ಮೂಳೆ, ಸ್ನಾಯುಗಳನ್ನು ಊದಿಸುತ್ತದೆ. ಎಂಆರ್‌ಐನಲ್ಲಿ ಎದ್ದು ಕಾಣುವುದು ಆ ಊತ. ತಿರುಳು ಎಷ್ಟೋ ಸಲ ಅದರಲ್ಲಿ ಮುಚ್ಚಿಹೋಗುತ್ತದೆ. ಸೋಂಕಿರಬಹುದು, ಕ್ಯಾನ್ಸರ್ ಇರಬಹುದು ಎಂದು ವರದಿ ಬಂದು ಮನೆಮಂದಿ ಕಂಗಾಲಾಗುತ್ತಾರೆ. ಅದೇ ಜಾಗವನ್ನು ಒಂದು ಮಿಲಿಮೀಟರ್ ಆಸುಪಾಸಿನ ತೆಳು ಪದರಗಳಲ್ಲಿ ಸಿಟಿ ಸ್ಕ್ಯಾನ್ ಮಾಡಿ ನೋಡಿ: ಗಟ್ಟಿಯಾಗಿ ಬೆಳ್ಳಗಾದ ಮೂಳೆಯ ನಡುವೆ ದುಂಡನೆಯ ಕಪ್ಪು ಕುಳಿ, ಕೆಲವೊಮ್ಮೆ ಅದರೊಳಗೊಂದು ಬಿಳಿ ಚುಕ್ಕೆ. ಯಾವ ಕಶೇರುಕವೆಂದು ತಿಳಿಯದಿದ್ದರೆ ಬೋನ್ ಸ್ಕ್ಯಾನ್ ಜಾಗ ತೋರಿಸುತ್ತದೆ. ಆಮೇಲೆ ಅಷ್ಟು ಭಾಗಕ್ಕೆ ಮಾತ್ರ ಸಿಟಿ ಮಾಡಿದರೆ ವಿಕಿರಣವೂ ಕಡಿಮೆ.

ಹಾಗೆಂದು ಎಂಆರ್‌ಐ ಬೇಡವೆಂದಲ್ಲ. ನರಹುರಿಗೆ, ಡಿಸ್ಕಿಗೆ ಅದು ಬೇಕೇ ಬೇಕು. ಗಟ್ಟಿ ಮೂಳೆಯ ಒಳವಿವರಕ್ಕೆ ಸಿಟಿ.

ಎಕ್ಸ್‌ರೇ ನಾರ್ಮಲ್ ಬಂದರೆ ಗಡ್ಡೆಯಿಲ್ಲ ಎನ್ನುವುದೂ ಸುಳ್ಳು. ಬೆನ್ನಿನಲ್ಲಿ ನೆರಳುಗಳು ಒಂದರ ಮೇಲೊಂದು ಬಿದ್ದು ಇದನ್ನು ಅಡಗಿಸುತ್ತವೆ.

ಯಂತ್ರದ ಮೇಲೆ ಇಷ್ಟು ನಂಬಿಕೆ ಇಟ್ಟವರು ಮಗುವಿನ ಮಾತನ್ನು ಯಾಕೆ ಕೇಳಿಸಿಕೊಳ್ಳುವುದಿಲ್ಲ? ನೋವು ರಾತ್ರಿ ಹೆಚ್ಚುತ್ತದೆಯೇ, ಐಬುಪ್ರೊಫೇನ್ ನುಂಗಿದರೆ ಚೆನ್ನಾಗಿ ಇಳಿಯುತ್ತದೆಯೇ, ಬೆನ್ನು ಒಂದು ಪಕ್ಕಕ್ಕೆ ಬಾಗಿದೆಯೇ? ಈ ಮೂರು ಪ್ರಶ್ನೆಗೆ ಕಾಸು ಬೇಕಿಲ್ಲ. ಅದನ್ನು ಬಿಟ್ಟು ಸ್ಕೂಲ್ ಬ್ಯಾಗಿನ ಭಾರ ಎನ್ನುತ್ತಾರೆ, ಉಳುಕು ತೆಗೆಯುವವರ ಹತ್ತಿರ ಕರೆದೊಯ್ದು ಬೆನ್ನು ನೀವಿಸುತ್ತಾರೆ, ತಿಂಗಳುಗಟ್ಟಲೆ ಕಳೆಯುತ್ತಾರೆ. ತಿರುಳು ಸಿಕ್ಕರೆ ಸಿಟಿ ನೋಡುತ್ತಲೇ ಸೂಜಿ ತೂರಿಸಿ ಶಾಖದಿಂದ ಸುಡಬಹುದು, ನರಕ್ಕೆ ತೀರಾ ಹತ್ತಿರವಿದ್ದರೆ ಆಪರೇಷನ್ ಮಾಡಿ ತೆಗೆಯಬಹುದು. ನಿಮ್ಮ ಮಗು ರಾತ್ರಿ ನೋವಿಗೆ ಎದ್ದು ಕೂರುತ್ತಿದ್ದರೆ ಇನ್ನೊಂದು ಎಂಆರ್‌ಐಗೆ ಓಡುವ ಮೊದಲು, ತೆಳು ಪದರದ ಸಿಟಿ ಬೇಕಾ ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ.